ಕೆರೆ ಮೀನಿನಲ್ಲಿ ಹುಳು: ಭಯ ಬೇಡ, ಎಚ್ಚರ ಬೇಕು

ಭಾನುವಾರ ಬೆಳಗ್ಗೆ ಮನೆಗೆ ಕೆರೆ ಮೀನು ಬರುತ್ತದೆ. ಶುಚಿ ಮಾಡಲು ಕುಳಿತ ಗೃಹಿಣಿ ಹೊಟ್ಟೆ ಸೀಳಿದೊಡನೆ ದಾರದಂತಹ ಬಿಳಿ ಹುಳು ಕಂಡು, ಹೇಸಿಗೆಯಿಂದ ಇಡೀ ಮೀನನ್ನೇ ಎಸೆದುಬಿಡುತ್ತಾರೆ. ಇನ್ನೊಂದು ಮನೆಯಲ್ಲಿ ಮಾಂಸದೊಳಗೆ ಅಡಗಿದ ಸಣ್ಣ ಗಂಟು ಯಾರ ಕಣ್ಣಿಗೂ ಬೀಳದೆ, ಹೊರಗೆ ಕೆಂಪಗೆ ಹುರಿದು ಒಳಗೆ ಹಸಿಯಾಗಿಯೇ ಉಳಿದ ತುಂಡಿನೊಡನೆ ಮಕ್ಕಳ ತಟ್ಟೆಗೆ ಬರುತ್ತದೆ. ಮೊದಲನೆಯದು ಅನವಶ್ಯಕ ಭಯ, ಎರಡನೆಯದು ಅಪಾಯಕಾರಿ ಅಲಕ್ಷ್ಯ.

ಹಾಸನ ಜಿಲ್ಲೆಯ ಈ ಭಾಗ ಕೆರೆಗಳ ಸೀಮೆ. ಅರಸೀಕೆರೆಗೆ ಹೆಸರು ಬಂದಿರುವುದೇ ಕೆರೆಯಿಂದ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ; ಆ ದೊಡ್ಡ ಕೆರೆ ಇಂದಿಗೂ ಇದೆ. ಬೇಲೂರಿನ ಬಳಿ ಯಗಚಿ ಜಲಾಶಯವಿದೆ. ಕಾಟ್ಲಾ, ರೋಹು, ಗೆಂಡೆ, ಕೊರವ ಮೀನುಗಳು ಇಲ್ಲಿನ ಅನೇಕ ಕುಟುಂಬಗಳಿಗೆ ಅಗ್ಗದ, ಪುಷ್ಟಿಕರವಾದ ಆಹಾರ. ಹುಳುವಿನ ಹೆದರಿಕೆಯಿಂದ ಇದನ್ನು ಬಿಡಬೇಕಾಗಿಲ್ಲ. ಹುಳು ಹೇಗೆ ಬರುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ಅರಿತರೆ ಸಾಕು.

ಕಂಡದ್ದೆಲ್ಲ ಅಪಾಯವಲ್ಲ

ಮೀನಿನ ಮೈಮೇಲೆ ಅರ್ಧ ಸೆಂಟಿಮೀಟರಿನಷ್ಟಿರುವ, ಚಪ್ಪಟೆಯಾದ ಜೀವಿ ಅಂಟಿಕೊಂಡಿರುವುದುಂಟು. ಇದು ಮೀನಿನ ಹೇನು. ತಲೆಯನ್ನು ಚರ್ಮದೊಳಗೆ ಹುದುಗಿಸಿ ದಾರದಂತೆ ಹೊರಗೆ ಜೋಲುವ ಇನ್ನೊಂದು ಜೀವಿಯಿದೆ. ಅದಕ್ಕೆ ಲಂಗರು ಹುಳು ಎನ್ನುತ್ತಾರೆ. ಇವೆರಡೂ ಮೀನು ಸಾಕುವವರಿಗೆ ನಷ್ಟ ತರುತ್ತವೆಯೇ ಹೊರತು ಮನುಷ್ಯನ ದೇಹದಲ್ಲಿ ಬದುಕುವುದಿಲ್ಲ.

ಗಮನಿಸಬೇಕಾದದ್ದು ಮಾಂಸದೊಳಗೆ ಚೀಲ ಕಟ್ಟಿಕೊಂಡು ಕುಳಿತ ಮರಿಹುಳುಗಳನ್ನು. ಕೆಲವು ಹಳದಿ ಗಂಟಿನಂತೆ ಕಾಣುತ್ತವೆ. ಹಲವು ಬರಿಗಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ‘ನೋಡಿ ತಂದ ಮೀನು, ಏನೂ ಆಗದು’ ಎಂಬ ಮಾತಿಗೆ ಅರ್ಥವಿಲ್ಲ.

ಮೀನಿಗೆ ಹುಳು ಬರುವ ಬಗೆ

ಕೊಕ್ಕರೆ, ಬೆಕ್ಕು, ನಾಯಿ, ಕೆಲವೊಮ್ಮೆ ಮನುಷ್ಯ, ಇವರ ಹೊಟ್ಟೆಯಲ್ಲಿ ಬೆಳೆದ ಹುಳು ಮೊಟ್ಟೆ ಇಡುತ್ತದೆ. ಮಲದೊಂದಿಗೆ ಮೊಟ್ಟೆ ಕೆರೆಯ ನೀರಿಗೆ ಸೇರುತ್ತದೆ. ಅಲ್ಲಿಂದ ಮರಿ ಒಂದು ಸಣ್ಣ ಜೀವಿಯ ಒಳಹೊಕ್ಕು ಬೆಳೆಯುತ್ತದೆ. ಕೆಲವು ಜಾತಿಗಳಿಗೆ ಇದು ನೀರಿನ ಬಸವನ ಹುಳು, ಇನ್ನು ಕೆಲವಕ್ಕೆ ಸೈಕ್ಲಾಪ್ಸ್ ಎಂಬ ನೀರಿನ ಚಿಗಟ.

ಸೈಕ್ಲಾಪ್ಸ್ ನಮ್ಮ ರಾಜ್ಯಕ್ಕೆ ಹೊಸದಲ್ಲ. ಹಿಂದೆ ಕರ್ನಾಟಕದ ಹಳ್ಳಿಗಳನ್ನು ಕಾಡಿದ ನಾರುಹುಣ್ಣು ಇದೇ ಜೀವಿಯ ಮೂಲಕ ಹರಡುತ್ತಿತ್ತು. ಕುಡಿಯುವ ನೀರನ್ನು ಸೋಸಿ, ಮೆಟ್ಟಿಲು ಬಾವಿಗಳನ್ನು ಸರಿಪಡಿಸಿ ಆ ರೋಗವನ್ನು ಓಡಿಸಲಾಯಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹುಳುವಿನ ಸರಪಳಿಯ ಒಂದು ಕೊಂಡಿ ಕಳಚಿದರೆ ರೋಗವೇ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೀನಿನ ಹುಳುವಿನ ವಿಷಯದಲ್ಲಿ ಆ ಕೊಂಡಿ ನಮ್ಮ ಒಲೆಯ ಮೇಲಿದೆ.

ಮನುಷ್ಯನಿಗೆ ಏನಾಗುತ್ತದೆ?

ಹಸಿ ಅಥವಾ ಅರೆಬೆಂದ ಮೀನಿನಿಂದ ಬರುವ ರೋಗಗಳಲ್ಲಿ ಮೂರನ್ನು ತಿಳಿದಿರುವುದು ಒಳ್ಳೆಯದು.

ಮೊದಲನೆಯದು ಮೀನಿನ ಲಾಡಿಹುಳು. ಇದು ಕರುಳಿನಲ್ಲಿ ಹಲವು ಮೀಟರ್ ಉದ್ದ ಬೆಳೆಯಬಲ್ಲದು. ಬಿ-12 ಜೀವಸತ್ತ್ವವನ್ನು ಕಬಳಿಸಿ ಕೆಲವರಲ್ಲಿ ರಕ್ತಹೀನತೆ ತರುತ್ತದೆ. ಭಾರತದಲ್ಲಿ ಇದು ಅಪರೂಪ. ಆದರೂ 2007ರಲ್ಲಿ ಪುದುಚೇರಿಯಿಂದ ಒಂದು ಪ್ರಕರಣ ವರದಿಯಾಗಿತ್ತು.

ಎರಡನೆಯದು ನ್ಯಾಥೋಸ್ಟೋಮ. ಇದು ಬೆಕ್ಕು, ನಾಯಿಗಳ ಜಠರದ ಹುಳು. ಇದರ ಮರಿ ಕೊರವದಂತಹ ಮೀನುಗಳಲ್ಲಿ ಸೇರಿರಬಹುದು. ಮನುಷ್ಯನ ಹೊಟ್ಟೆ ಸೇರಿದ ಮರಿ ದಾರಿ ತಪ್ಪಿ ಚರ್ಮದಡಿ ಅಲೆಯುತ್ತದೆ. ಇಂದು ಇಲ್ಲಿ ಕಂಡ ಬಾವು ಕೆಲವು ದಿನಗಳಲ್ಲಿ ಮಾಯವಾಗಿ ಮತ್ತೊಂದು ಕಡೆ ಏಳುತ್ತದೆ. ಅಪರೂಪಕ್ಕೆ ಹುಳು ಕಣ್ಣಿಗೋ ಮೆದುಳಿಗೋ ಹೋಗುವುದುಂಟು.

ಮೂರನೆಯದು ಪಿತ್ತಕೋಶದ ನಾಳಗಳಲ್ಲಿ ನೆಲೆಸುವ ಯಕೃತ್ತಿನ ಹುಳು. ಥಾಯ್ಲೆಂಡ್, ಲಾವೋಸ್ ದೇಶಗಳಲ್ಲಿ ಹಸಿ ಮೀನನ್ನು ಕೊಚ್ಚಿ, ಹುಳಿ ಖಾರ ಬೆರೆಸಿ ತಿನ್ನುವ ರೂಢಿಯಿಂದ ಇದು ವ್ಯಾಪಕವಾಗಿದೆ. ಅಲ್ಲಿನ ಹುಳು ಪಿತ್ತನಾಳದ ಕ್ಯಾನ್ಸರಿಗೆ ಕಾರಣವೆಂದು 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿತು.

ಏಡಿಯ ವಿಷಯವೂ ಹೀಗೆಯೇ. ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿ ಸರಿಯಾಗಿ ಬೇಯದ ಸಿಹಿನೀರಿನ ಏಡಿಯಿಂದ ಶ್ವಾಸಕೋಶಕ್ಕೆ ಹುಳು ಹತ್ತಿ, ಕೆಮ್ಮಿನಲ್ಲಿ ರಕ್ತ ಕಂಡು, ಅದನ್ನು ಕ್ಷಯವೆಂದೇ ತಪ್ಪಾಗಿ ತಿಳಿದ ನಿದರ್ಶನಗಳಿವೆ. ಗದ್ದೆಯ ಏಡಿಯನ್ನು ಕೆಂಡದಲ್ಲಿ ಸುಟ್ಟು ತಿನ್ನುವವರು ಇದನ್ನು ನೆನಪಿಡಬೇಕು.

ನಮ್ಮನ್ನು ಕಾಯ್ದಿರುವುದು ಸಾರಿನ ಮಡಕೆ

ಮೀನನ್ನು ತಿನ್ನುವ ನಾವು ಈ ರೋಗಗಳಿಂದ ಬಹುಮಟ್ಟಿಗೆ ಪಾರಾಗಿರುವುದು ಏಕೆ? ಮಸಾಲೆ ಅರೆದು, ಹುಣಸೆಹುಳಿ ಹಾಕಿ, ಕೊತಕೊತ ಕುದಿಸಿ ಮುದ್ದೆಯೊಂದಿಗೆ ಉಣ್ಣುವ ಪದ್ಧತಿಯಿಂದ. ಇಲ್ಲಿ ಹುಳುವನ್ನು ಕೊಲ್ಲುವುದು ಹುಳಿಯೂ ಅಲ್ಲ, ಖಾರವೂ ಅಲ್ಲ; ಬೆಂಕಿ. ನಿಂಬೆರಸ, ಉಪ್ಪು, ಮೆಣಸಿನಪುಡಿ ಹಚ್ಚಿ ಇಟ್ಟ ಮಾತ್ರಕ್ಕೆ ಮರಿಹುಳು ಸಾಯುತ್ತದೆಂದು ನಂಬುವಂತಿಲ್ಲ.

ಈಗ ರೂಢಿ ಬದಲಾಗುತ್ತಿದೆ. ದೊಡ್ಡ ಉರಿಯಲ್ಲಿ ಎರಡು ನಿಮಿಷ ಕರಿದ ದಪ್ಪ ತುಂಡು, ಕೆಂಡದ ಮೇಲಿನ ಇಡೀ ಮೀನು, ಪಟ್ಟಣದ ಹೋಟೆಲುಗಳ ಹಸಿ ಮೀನಿನ ತಿನಿಸು ಎಲ್ಲ ಬಂದಿವೆ. ಮೃಗಶಿರಾ ಮಳೆ ಹುಟ್ಟುವ ಕಾಲಕ್ಕೆ ಹೈದರಾಬಾದಿನಲ್ಲಿ ಅಸ್ತಮಾ ರೋಗಿಗಳಿಗೆ ಔಷಧಿಯೊಂದಿಗೆ ಜೀವಂತ ಕೊರವದ ಮರಿ ನುಂಗಿಸುವ ಪದ್ಧತಿಯೂ ಇದೆ. ನಂಬಿಕೆ ಏನೇ ಇರಲಿ, ಆ ಮರಿಯಲ್ಲಿ ಹುಳುವಿದ್ದರೆ ಅದನ್ನು ಕೊಲ್ಲುವ ಬೆಂಕಿ ಅಲ್ಲಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

* ಮೀನಿನ ಒಳಭಾಗ ಕನಿಷ್ಠ 63 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಥರ್ಮಾಮೀಟರ್ ಬೇಡ; ಮಾಂಸ ಹೊಳಪು ಕಳೆದುಕೊಂಡು, ಮುಳ್ಳಿನಿಂದ ಸುಲಭವಾಗಿ ಬಿಟ್ಟುಕೊಂಡರೆ ಬೆಂದಿದೆ ಎಂದರ್ಥ.
* ಕರಿಯುವ ತುಂಡು ತೆಳುವಾಗಿರಲಿ, ಉರಿ ಮಧ್ಯಮವಾಗಿರಲಿ.
* ಹಸಿ ಮೀನು ಕೊಯ್ದ ಚಾಕು, ಮಣೆಗಳನ್ನು ಸೋಪು ಹಾಕಿ ತೊಳೆಯದೆ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಉಪ್ಪು ಖಾರ ನೋಡಲೆಂದು ಹಸಿ ಮಸಾಲೆ ಮೀನನ್ನು ಬಾಯಿಗೆ ಹಾಕಬೇಡಿ.
* ಫ್ರಿಜ್ಜನ್ನು ನಂಬಬೇಡಿ. ಹುಳು ಸಾಯಲು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ 7 ದಿನ ಇರಬೇಕು. ಮನೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಂಪಾಗುತ್ತದೆಂಬ ಭರವಸೆಯಿಲ್ಲ.
* ಮೀನಿನ ಕರುಳನ್ನು ಹಸಿಯಾಗಿ ಬೆಕ್ಕು, ನಾಯಿಗಳಿಗೆ ಹಾಕಬೇಡಿ, ಕೆರೆಗೂ ಎಸೆಯಬೇಡಿ, ಹೂಳಿಬಿಡಿ. ಕೆರೆಯಂಗಳದಲ್ಲಿ ಮಲವಿಸರ್ಜನೆ ಸಲ್ಲದು. ಹುಳುವಿನ ಸರಪಳಿ ಮುಂದುವರಿಯುವುದೇ ಇದರಿಂದ.

ವೈದ್ಯರನ್ನು ಯಾವಾಗ ಕಾಣಬೇಕು?

ಮಲದಲ್ಲಿ ಬಿಳಿ ಲಾಡಿಯಂತಹ ತುಂಡು ಕಂಡರೆ, ಜಾಗ ಬದಲಿಸುವ ಬಾವು ಎದ್ದರೆ, ಕಾರಣವಿಲ್ಲದೆ ರಕ್ತಹೀನತೆ ಕಾಡಿದರೆ, ಕೆಮ್ಮಿನಲ್ಲಿ ರಕ್ತ ಬಿದ್ದರೆ ವೈದ್ಯರಲ್ಲಿಗೆ ಹೋಗಿ. ಅರೆಬೆಂದ ಮೀನು, ಏಡಿ ತಿಂದಿದ್ದರೆ ಸಂಕೋಚವಿಲ್ಲದೆ ಹೇಳಿ. ರೋಗದ ಸುಳಿವು ಹಲವು ವೇಳೆ ಆ ಒಂದು ಮಾತಿನಲ್ಲಿರುತ್ತದೆ. ಮಲ ಮತ್ತು ರಕ್ತ ಪರೀಕ್ಷೆಗಳು ತಪಾಸಣೆಗೆ ನೆರವಾಗುತ್ತವೆ. ಈ ಹುಳುಗಳಿಗೆ ಔಷಧಿಗಳಿವೆ, ಆದರೆ ಒಂದೊಂದು ಹುಳುವಿಗೆ ಒಂದೊಂದು ಔಷಧಿ. ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ನುಂಗಿ ಸುಮ್ಮನಾಗುವುದು ಸರಿಯಲ್ಲ.

ಮೀನನ್ನು ಚೆನ್ನಾಗಿ ಬೇಯಿಸಿ ತಿನ್ನಿ, ಮಕ್ಕಳಿಗೂ ಕೊಡಿ. ಮುಂದಿನ ಭಾನುವಾರ ಮೀನಿನ ಹೊಟ್ಟೆಯಲ್ಲಿ ಹುಳು ಕಂಡರೆ ಕರುಳನ್ನು ತೆಗೆದು ಹೂಳಿ, ಮಾಂಸವನ್ನು ತೊಳೆದು ಒಲೆಯ ಮೇಲಿಡಿ. ಉಳಿದ ಕೆಲಸವನ್ನು ಬೆಂಕಿ ಮಾಡುತ್ತದೆ.