ವಿದ್ಯುತ್ತು ಸರಿಸುವ ಕಾಂತದ ಬದು

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನ ಎರೆಹೊಲಗಳನ್ನು ನೆನೆಯಿರಿ. ಬದುವಿನ ಈಚೆಗೆ ಜೋಳ, ಆಚೆಗೆ ಕಡಲೆ. ಕಬ್ಬಿಣದ ತುಂಡಿನೊಳಗೂ ಇಂಥ ಹೊಲಗಳುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಇವುಗಳಿಗೆ ಕಾಂತವಲಯಗಳೆಂದು ಹೆಸರು. ಇಂಥವು ಇರಲೇಬೇಕೆಂದು 1907ರಲ್ಲಿ ಪಿಯರ್ ವೈಸ್ ಎಂಬ ವಿಜ್ಞಾನಿ ತರ್ಕಿಸಿದನು. ಒಂದು ವಲಯದ ಪರಮಾಣುಗಳೆಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿದ ಪುಟ್ಟ ಕಾಂತಗಳು. ನೆರೆಯ ವಲಯದಲ್ಲಿ ದಿಕ್ಕು ಬೇರೆ. ನಡುವಿನ ಬದುವೇ ವಲಯಭಿತ್ತಿ. ಅಲ್ಲಿ ಪರಮಾಣುಕಾಂತಗಳು ಥಟ್ಟನೆ ತಿರುಗದೆ, ಒಂದರ ಪಕ್ಕದಲ್ಲೊಂದು ತುಸುತುಸುವಾಗಿ ಹೊರಳುತ್ತ ಹೋಗುತ್ತವೆ.

ಹೊರಗಿನಿಂದ ಕಾಂತವನ್ನು ಹಿಡಿದರೆ ಭಿತ್ತಿ ಸರಿಯುತ್ತದೆಂಬುದು ಹಳೆಯ ಮಾತು. ಭಿತ್ತಿ ಸರಿದರೂ ಒಂದು ಪರಮಾಣುವೂ ಜಾಗ ಬಿಟ್ಟು ಕದಲುವುದಿಲ್ಲ. ಮುಖ ತಿರುಗಿಸುತ್ತದೆ, ಅಷ್ಟೆ. ಕಾಂತವಿಲ್ಲದೆ, ಬರಿಯ ವಿದ್ಯುತ್ಪ್ರವಾಹದಿಂದ ಈ ಕೆಲಸವಾದೀತೆ? ಆದೀತೆಂದು ಲ್ಯೂಕ್ ಬರ್ಜರ್ 1978ರಿಂದ ಮುಂದಕ್ಕೆ ಗಣಿಸಿ ತೋರಿಸಿದನು. ಪ್ರತಿಯೊಂದು ಎಲೆಕ್ಟ್ರಾನಿಗೂ ತನ್ನದೇ ಆದ ಗಿರಕಿಯುಂಟು. ಭಿತ್ತಿಯನ್ನು ದಾಟುವಾಗ ಆ ಗಿರಕಿಯ ದಿಕ್ಕು ಅಲ್ಲಿಯ ಪರಮಾಣುಗಳಿಗೆ ಅನುಸಾರವಾಗಿ ತಿರುಗುತ್ತದೆ. ಕ್ರಿಯೆಗೆ ಪ್ರತಿಕ್ರಿಯೆ ಇರಲೇಬೇಕಷ್ಟೆ! ಎಲೆಕ್ಟ್ರಾನು ಕಳೆದುಕೊಂಡ ಕೋನೀಯ ಸಂವೇಗವನ್ನು ಪರಮಾಣುಗಳು ಪಡೆದು ತಾವೂ ತಿರುಗುತ್ತವೆ. ಭಿತ್ತಿ ಮುಂದೆ ಸಾಗುತ್ತದೆ.

ಆದರೆ ಲೋಹಗಳಲ್ಲಿ ಇದಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕೋಟಿಯಿಂದ 10 ಕೋಟಿ ಆಂಪಿಯರಿನಷ್ಟು ಪ್ರವಾಹ ಬೇಕು. ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ತಂತಿಯೇ ಕರಗುವ ಭಯ! ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿದೆಯೊ ಓನೊ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದಲ್ಲಿ ನೂರಕ್ಕೆ ಕೆಲವು ಪಾಲು ಮ್ಯಾಂಗನೀಸನ್ನು ಬೆರೆಸಿದರೆ ಅದು, ಸಾಕಷ್ಟು ತಣ್ಣಗಿರುವಾಗ, ಕಾಂತವಾಗುತ್ತದೆ. ಕಾಂತಪರಮಾಣುಗಳು ವಿರಳವಾದ್ದರಿಂದ ತಿರುಗಿಸಬೇಕಾದ ಹೊರೆಯೂ ಕಡಿಮೆ. 2004ರಲ್ಲಿ ಅವರು ಚದರ ಸೆಂಟಿಮೀಟರಿಗೆ ಕೇವಲ 1 ಲಕ್ಷ ಆಂಪಿಯರಿನಷ್ಟು ಪ್ರವಾಹದಿಂದಲೇ ಭಿತ್ತಿಯನ್ನು ಸರಿಸಿದರು; 2006ರ ವೇಳೆಗೆ ಅದರ ವೇಗ ಸೆಕೆಂಡಿಗೆ 22 ಮೀಟರಿನವರೆಗೆ ಏರಿತು.

ಹೊಳೆಯ ಸೆಳವು ಬದುವನ್ನು ಕೊಚ್ಚಿಕೊಂಡು ಹೋದಂತೆ ಎಂದು ಇದನ್ನು ಭಾವಿಸುವುದು ಸಹಜ. ಆದರೆ ಈ ಅರೆವಾಹಕದಲ್ಲಿ ಭಿತ್ತಿ ಸರಿದದ್ದು ಪ್ರವಾಹಕ್ಕೆ ಎದುರಾಗಿ! ಇಲ್ಲಿ ವಿದ್ಯುತ್ತನ್ನು ಹೊರುವವು ಧನಾವೇಶದ ರಂಧ್ರಗಳು. ಅವು ಪ್ರವಾಹದ ದಿಕ್ಕಿನಲ್ಲೇ ಹರಿಯುತ್ತವೆ. ಅವುಗಳ ಗಿರಕಿ ಮಾತ್ರ ಮ್ಯಾಂಗನೀಸಿನ ಗಿರಕಿಗೆ ವಿರುದ್ಧ. ಆದ್ದರಿಂದ ಕೊಡುವ ತಿರುಚೂ ವಿರುದ್ಧ. ಕೊಚ್ಚಿಹೋಗುವ ಮಣ್ಣು ಹೀಗೆ ಮಾಡಲಾರದು. ತಳ್ಳುವುದು ನೂಕುಬಲವಲ್ಲ, ಗಿರಕಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಕಾಣೆ.

ಭಿತ್ತಿಗಳನ್ನು ತಂತಿಯುದ್ದಕ್ಕೂ ಓಡಿಸಿ, ತಿರುಗುವ ತಟ್ಟೆಯಿಲ್ಲದೆಯೇ ಮಾಹಿತಿಯನ್ನು ಕೂಡಿಡುವ ಯೋಜನೆಯನ್ನು ಸ್ಟುವರ್ಟ್ ಪಾರ್ಕಿನ್ 2008ರಲ್ಲಿ ವಿವರಿಸಿದನು. ಆತ ನೆಚ್ಚಿದ್ದು ಲೋಹವನ್ನೇ. ಓನೊನ ಪದಾರ್ಥವು ಅತ್ಯುತ್ತಮ ಮಾದರಿಗಳಲ್ಲಿಯೂ ಸೊನ್ನೆಗಿಂತ ಸುಮಾರು 70 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೇ ತನ್ನ ಕಾಂತತ್ವವನ್ನು ಕಳೆದುಕೊಳ್ಳುತ್ತದೆ.