‘ಅಂದರೆ’ ಎಂಬ ಪದಕ್ಕೆ ಬಿದ್ದ ಕೆಂಪು ಗೆರೆ

ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಯ ಮೂಲಭೂತ ಹಕ್ಕುಗಳ ಪಾಠ ನನ್ನ ಪಾಲಿಗೆ ಬಂತು. 22ನೇ ವಿಧಿಯಲ್ಲಿ ಬರುವ ಮುನ್ನೆಚ್ಚರಿಕೆ ಬಂಧನವನ್ನು ಹತ್ತು ನಿಮಿಷದಲ್ಲಿ ಮುಗಿಸುವ ಯೋಜನೆ ನನ್ನದು. ಅಪರಾಧ ನಡೆಯುವ ಮೊದಲೇ, ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದು, ಕಾರಣ ತಿಳಿಸಬೇಕು, ಮೂರು ತಿಂಗಳು ಮೀರಿದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕು ಎಂದು ಹೇಳಿದೆ. ಪತ್ರಿಕೆಯಲ್ಲಿ ಓದಿದ ‘ಗೂಂಡಾ ಕಾಯ್ದೆ’ಯ ಹೆಸರನ್ನು ಮಕ್ಕಳೇ ತೆಗೆದರು. ಅದು ನಮ್ಮ ರಾಜ್ಯದ 1985ರ ಕಾಯ್ದೆ ಎಂದೆ. ಬಂಧನಕ್ಕೆ ಕಾರಣವೇನು ಎಂದಾಗ, ‘ಸಾರ್ವಜನಿಕ ಸುವ್ಯವಸ್ಥೆ, ಅಂದರೆ ಕಾನೂನು ಮತ್ತು ಸುವ್ಯವಸ್ಥೆ’ ಎಂದು ಹಲಗೆಯ ಮೇಲೆ ಬರೆದೆ.

ವೀಕ್ಷಣೆಗೆ ಬಂದಿದ್ದ ನಮ್ಮ ಮೇಡಂ ಪಾಠಯೋಜನೆಯ ‘ಅಂದರೆ’ ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದು, “ಲೋಹಿಯಾ ಪ್ರಕರಣ ಓದಿಕೊಂಡು ಬನ್ನಿ” ಎಂದರು. ಅಷ್ಟೇ.

ಓದಿದೆ. 1965ರ ಆಗಸ್ಟ್‌ನಲ್ಲಿ ಪಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟರು ಭಾರತ ರಕ್ಷಣಾ ನಿಯಮಗಳ ಅಡಿ ರಾಮಮನೋಹರ ಲೋಹಿಯಾ ಅವರನ್ನು ಬಂಧನದಲ್ಲಿಡಲು ಆದೇಶಿಸಿದ್ದರು. ನಿಯಮದಲ್ಲಿದ್ದ ಮಾತು ‘ಸಾರ್ವಜನಿಕ ಸುವ್ಯವಸ್ಥೆ’. ಆದೇಶದಲ್ಲಿ ಬರೆದದ್ದು ‘ಕಾನೂನು ಮತ್ತು ಸುವ್ಯವಸ್ಥೆ’. ನಾನು ಹಲಗೆಯ ಮೇಲೆ ಮಾಡಿದ್ದೂ ಇದನ್ನೇ! ಆಗ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಆದರೂ ಆದೇಶ ನಿಯಮಕ್ಕೆ ಹೊಂದುವುದಿಲ್ಲವೆಂದು ಸುಪ್ರೀಂ ಕೋರ್ಟ್ ಬಹುಮತದಿಂದ ಅವರ ಬಿಡುಗಡೆಗೆ ಆದೇಶಿಸಿತು.

ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಆ ತೀರ್ಪಿನಲ್ಲಿ ಕೊಟ್ಟ ಚಿತ್ರವೇ ಮರುದಿನ ನನ್ನ ಬೋಧನೋಪಕರಣವಾಯಿತು. ಗಣಿತದ ಮೇಷ್ಟ್ರಿಂದ ದೊಡ್ಡ ಕೈವಾರ ತಂದು ಒಂದರೊಳಗೊಂದು ಮೂರು ವೃತ್ತ ಎಳೆದೆ. ಹೊರಗಿನದು ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಡುವೆ ರಾಜ್ಯದ ಭದ್ರತೆ. ಜಾತ್ರೆಯಲ್ಲಿ ಕುಡಿದ ಇಬ್ಬರು ಹೊಡೆದಾಡಿದರೆ ಎಲ್ಲಿ ಚುಕ್ಕಿ ಇಡುತ್ತೀರಿ? ಒಬ್ಬ ಹುಡುಗ ಎದ್ದು ಬಂದು ಹೊರಗಿನ ವೃತ್ತದಲ್ಲಿಟ್ಟ. ಅದೇ ಜಗಳವನ್ನು ನೆಪ ಮಾಡಿಕೊಂಡು ಯಾರೋ ಊರಿನ ಎರಡು ಸಮುದಾಯಗಳನ್ನು ಎತ್ತಿಕಟ್ಟಿದರೆ? ಚುಕ್ಕಿ ಒಳಕ್ಕೆ ಸರಿಯಿತು. ಹತ್ತು ನಿಮಿಷದ ಅಂಶಕ್ಕೆ ಇಡೀ ಪಿರಿಯಡ್ ಹೋಯಿತು, ನನಗೇನೂ ಬೇಸರವಿಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಆ ಅಧಿಕಾರಿ ಸರಿಯಾದ ಪದ ಬರೆದಿದ್ದರೆ ಲೋಹಿಯಾ ಜೈಲಲ್ಲೇ ಇರ್ತಿದ್ರಾ ಮಿಸ್?”

ನಾಳೆ ಹೇಳುತ್ತೇನೆ ಎಂದೆ. ಗ್ರಂಥಾಲಯದಲ್ಲಿ 1970ರ ಅರುಣ್ ಘೋಷ್ ಪ್ರಕರಣ ಸಿಕ್ಕಿತು. ಪಶ್ಚಿಮ ಬಂಗಾಳದ ಆ ಆದೇಶದಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಎಂದೇ ಇತ್ತು. ಆದರೆ ಕೋರ್ಟ್ ಪದಕ್ಕೆ ನಿಲ್ಲದೆ ಕೃತ್ಯಗಳನ್ನು ನೋಡಿತು: ಕೆಲವು ವ್ಯಕ್ತಿಗಳಿಗೆ ಕೊಟ್ಟ ಕಿರುಕುಳ, ಹಲ್ಲೆ. ಖಂಡನೀಯವೇ, ಆದರೆ ಸಮಾಜದ ದಿನನಿತ್ಯದ ಬದುಕು ಅದರಿಂದ ಕದಡುವುದಿಲ್ಲ ಎಂದು ಬಿಡುಗಡೆ ಮಾಡಿತು. ಮಾರನೇ ದಿನ ಇದನ್ನು ಹೇಳಿ, ಚುಕ್ಕಿ ಇಡಲು ಸೀಮೆಸುಣ್ಣವನ್ನು ಆ ಹುಡುಗಿಯ ಕೈಗೇ ಕೊಟ್ಟೆ.