ಕಾಯಿಯಲ್ಲ, ಕಾಯಿಯ ಬೆಲೆ

ಒಂದು ತೆಂಗಿನಕಾಯಿಗೆ ಎಷ್ಟು ರೂಪಾಯಿಯೋ ಗೊತ್ತಿಲ್ಲ. ಆ ಬೆಲೆಯನ್ನು ಸದ್ಯಕ್ಕೆ ‘ಕ’ ಎಂದು ಬರೆದುಕೊಳ್ಳೋಣ. ಮೂರು ಕಾಯಿ ಕೊಂಡು, ಜೊತೆಗೆ ನಾಲ್ಕು ರೂಪಾಯಿಯ ಚೀಲವನ್ನೂ ತೆಗೆದುಕೊಂಡರೆ ಕೊಡಬೇಕಾದ ಹಣ 3ಕ + 4. ಇದೊಂದು ಬೀಜೋಕ್ತಿ. ಇದರಲ್ಲಿ 3ಕ ಒಂದು ಪದ, 4 ಇನ್ನೊಂದು ಪದ. ಕ ಬದಲಾಗಬಲ್ಲದು, ಅದಕ್ಕೇ ಅದು ಚರಾಕ್ಷರ. ಅದರ ಎಡಕ್ಕಿರುವ 3 ಸಹಗುಣಕ, ಬದಲಾಗದ 4 ಸ್ಥಿರಾಂಕ. ಪಠ್ಯಪುಸ್ತಕದಲ್ಲಿ ಕ ಇರುವ ಜಾಗದಲ್ಲಿ ಎಕ್ಸ್ ಇರುತ್ತದೆ, ಅಷ್ಟೇ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಕ ಎಂದರೆ ಕಾಯಿಯಲ್ಲ, ಕಾಯಿಯ ಬೆಲೆ. ಅಂದರೆ ಒಂದು ಸಂಖ್ಯೆ. ‘ಮ ಎಂದರೆ ಮಾವು, ಬ ಎಂದರೆ ಬಾಳೆ, ಎರಡನ್ನೂ ಕೂಡಿಸಲಾಗದು’ ಎಂದು ತರಗತಿಯಲ್ಲಿ ಹೇಳಿಕೊಡುವುದುಂಟು. ಆ ಹೊತ್ತಿಗೆ ಅದು ಸುಲಭವೇ. ಆದರೆ ಮುಂದೆ ಮ × ಬ ಬಂದಾಗ, ಮಾವನ್ನು ಬಾಳೆಯಿಂದ ಗುಣಿಸುವುದು ಹೇಗೆ ಎಂದು ಮಗು ಕೇಳಿದರೆ ಏನು ಹೇಳುವುದು? ಅಕ್ಷರ ಸಂಖ್ಯೆ ಎಂದು ಮೊದಲೇ ತಿಳಿದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಯಾವ ಸಂಖ್ಯೆಯೇ ಆಗಲಿ, ಅದರ ಮೂರರಷ್ಟಕ್ಕೆ ಐದರಷ್ಟನ್ನು ಸೇರಿಸಿದರೆ ಎಂಟರಷ್ಟಾಗುತ್ತದೆ. ಹಾಗಾಗಿ 3ಕ + 5ಕ = 8ಕ. ಇವು ಸಜಾತಿ ಪದಗಳು. 3ಕ + 4 ಮಾತ್ರ ಇದ್ದಂತೆಯೇ ಇರಬೇಕು. ಅದನ್ನು 7ಕ ಎಂದು ಬರೆಯುವವರು ಬಹಳ. ಅನುಮಾನ ಬಂದರೆ ಕ ಜಾಗದಲ್ಲಿ 2 ಹಾಕಿ ನೋಡಿ: ಒಂದು ಕಡೆ 10, ಇನ್ನೊಂದು ಕಡೆ 14. ಆದರೆ 1 ಹಾಕಿ ಪರೀಕ್ಷಿಸಬೇಡಿ. ಆಗ ಎರಡೂ ಕಡೆ 7 ಬಂದು, ತಪ್ಪೂ ಸರಿಯಂತೆಯೇ ಕಾಣುತ್ತದೆ.

ಒಂದೇ ಜಾತಿಯವನ್ನು ಕೂಡಿಸಿ, ಬೇರೆ ಜಾತಿಯವನ್ನು ಬೇರೆಯಾಗಿಯೇ ಇಡಿ ಎಂಬ ಈ ನಿಯಮ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲೇ ಇದೆ. ಅದು 12ನೆಯ ಶತಮಾನದ ಕೃತಿ. ನಮ್ಮ 3ಕ + 4 ಅಲ್ಲಿ ‘ಯಾ 3 ರೂ 4’ ಆಗುತ್ತದೆ. ‘ಯಾ’ ಎಂದರೆ ಯಾವತ್ತಾವತ್, ಗೊತ್ತಿಲ್ಲದ ಸಂಖ್ಯೆ. ‘ರೂ’ ಎಂದರೆ ರೂಪ, ಗೊತ್ತಿರುವ ಸಂಖ್ಯೆ. ಗೊತ್ತಿಲ್ಲದವು ಹಲವಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಎಷ್ಟು ಚೆಂದದ ಏರ್ಪಾಡು!

ಇನ್ನು ಬಹುಪದೋಕ್ತಿ. 5ಕ² − 2ಕ + 7 ಅಂಥದ್ದೊಂದು. ಚರಾಕ್ಷರದ ಘಾತಾಂಕಗಳು 0, 1, 2, 3 ಹೀಗೆ ಪೂರ್ಣಸಂಖ್ಯೆಗಳೇ ಆಗಿರಬೇಕು. ಕ ಛೇದದಲ್ಲಿ ಕೂತರೆ, ವರ್ಗಮೂಲದೊಳಗೆ ಸೇರಿದರೆ ಅದು ಬಹುಪದೋಕ್ತಿಯಲ್ಲ. ಅತಿ ದೊಡ್ಡ ಘಾತಾಂಕವೇ ಬಹುಪದೋಕ್ತಿಯ ಡಿಗ್ರಿ, ಇಲ್ಲಿ 2.

ಕೂಡುವುದರಲ್ಲಿ ಕಷ್ಟವಿಲ್ಲ. ಕಳೆಯುವಾಗ ನಿಧಾನಿಸಿ. ಈ ಬಹುಪದೋಕ್ತಿಯಿಂದ (3ಕ² − 6ಕ + 2) ಅನ್ನು ಕಳೆಯಬೇಕಾದರೆ ಆವರಣದೊಳಗಿನ ಪ್ರತಿಯೊಂದು ಪದದ ಚಿಹ್ನೆಯೂ ಬದಲಾಗಬೇಕು, ಮೊದಲನೆಯದು ಮಾತ್ರವಲ್ಲ. −6ಕ ಹೋಗಿ +6ಕ ಆಗುತ್ತದೆ. ಉತ್ತರ 2ಕ² + 4ಕ + 5. ಮತ್ತೆ 2 ಹಾಕಿ ನೋಡಿ: 23ರಲ್ಲಿ 2 ಕಳೆದರೆ 21, ಉತ್ತರದಲ್ಲೂ 8 + 8 + 5, ಅಂದರೆ 21.

ಗುಣಾಕಾರದಲ್ಲಿ ಒಂದು ಆವರಣದ ಪ್ರತಿ ಪದವೂ ಇನ್ನೊಂದರ ಪ್ರತಿ ಪದವನ್ನು ಗುಣಿಸಬೇಕು. (ಕ + 3)(ಕ + 2) ಬಿಡಿಸಿದರೆ ಕ² + 2ಕ + 3ಕ + 6, ಅಂದರೆ ಕ² + 5ಕ + 6. ಈಗ ಕ = 10 ಎಂದಿಟ್ಟುಕೊಳ್ಳಿ. ಎಡಕ್ಕೆ 13 × 12, ಬಲಕ್ಕೆ 100 + 50 + 6. ಎರಡೂ 156! ನೂರು, ಹತ್ತು, ಬಿಡಿ ಎಂದು ಚಿಕ್ಕಂದಿನಿಂದ ನಾವು ಬರೆಯುತ್ತ ಬಂದ ಸಂಖ್ಯೆಗಳೆಲ್ಲ ಹತ್ತರ ಬಹುಪದೋಕ್ತಿಗಳೇ. ಇದು ಮನಸ್ಸಿಗೆ ಹೊಳೆದ ಮಕ್ಕಳಿಗೆ ಬೀಜಗಣಿತ ಹೊಸ ವಿಷಯ ಅನ್ನಿಸುವುದೇ ಇಲ್ಲ.

ಈಗ (ಕ + 3)² ಅನ್ನು ನೀವೇ ಬಿಡಿಸಿ. ಕ² + 9 ಎಂದು ಬರೆದರೆ, ಕ = 10 ಆದಾಗ 109 ಬರುತ್ತದೆ; 13ರ ವರ್ಗವೋ 169. ಬಿಟ್ಟುಹೋದ ಆ 60 ಯಾವ ಪದದಿಂದ ಬರಬೇಕಿತ್ತು, ಹುಡುಕಿ.